ಅಟ್ಟದ ಮೇಲಿನ ವೀಣೆಯನ್ನು ಕೆಳಗಿಳಿಸಿ

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಟ್ಟ ವೀಣೆಯೊಂದು ಇದೆಯೆ? ಅಥವಾ ಬೀರುವಿನ ಹಿಂದೆ ಗೋಡೆಗೆ ಮುಖಮಾಡಿ ನಿಂತ ತಂಬೂರಿ? ಇದ್ದರೆ ಈ ಲೇಖನ ನಿಮಗಾಗಿಯೇ. ಇಲ್ಲದಿದ್ದರೂ ಓದಿ. ನಿಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಒಂದು ಇದ್ದೇ ಇರುತ್ತದೆ.

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಕೈ ಒರೆಸಿಕೊಳ್ಳುತ್ತ "ಹುಡುಗಿಗೆ ಹಾಡು ಗೀಡು ಬರುತ್ತಾ?" ಎಂದು ಕೇಳುತ್ತಿದ್ದ ಕಾಲ ನೆನಪಿದೆಯಲ್ಲ? 1984ರಲ್ಲಿ ನನ್ನನ್ನು ನೋಡಲು ಬಂದವರೂ ಕೇಳಿದರು. ನಡುಗುವ ಬೆರಳಿನಲ್ಲೇ ಅರ್ಧ ವರ್ಣ ನುಡಿಸಿದೆ. ಒಪ್ಪಿಗೆಯಾಯಿತು. ಪಾತ್ರೆ ಪಡಗದ ಜೊತೆ ವೀಣೆಯೂ ಮಂಡ್ಯಕ್ಕೆ ಬಂತು. ಆಮೇಲೆ "ಒಂದು ಕೀರ್ತನೆ ನುಡಿಸಮ್ಮ" ಎಂದು ಯಾರೂ ಕೇಳಲಿಲ್ಲ. ಅದು ಯಾರ ತಪ್ಪೂ ಅಲ್ಲ ಅನ್ನಿ. ಒಂದು ಕಡೆ ಕುಕ್ಕರು ಕೂಗು, ಇನ್ನೊಂದು ಕಡೆ ಮಗುವಿನ ಅಳು, ನಡುವೆ ಅತ್ತೆಯವರ ಔಷಧಿ. ವೀಣೆ ಮೊದಲು ನಡುಮನೆಯಿಂದ ಕೋಣೆಗೆ ಹೋಯಿತು, ಕೋಣೆಯಿಂದ ಅಟ್ಟಕ್ಕೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಯ ದಿನ ಕೆಳಗಿಳಿಸಿ ಅರಿಶಿನ ಕುಂಕುಮ ಏರಿಸುವುದು, ಮಾರನೆಯ ದಿನ ಮತ್ತೆ ಮೇಲೆ ಹತ್ತಿಸುವುದು. ನಿಮ್ಮಲ್ಲೂ ಹೀಗೇ ಅಲ್ಲವೆ?

ನಾಲ್ಕು ವರ್ಷದ ಹಿಂದೆ ಸುಣ್ಣಬಣ್ಣ ಮಾಡಿಸುವಾಗ ಅದನ್ನು ಇಳಿಸಿ ಬೆಳಕಿನಲ್ಲಿ ನೋಡಿದೆ. ಕರುಳು ಚುರುಕ್ಕೆಂದಿತು. ಬೇಸಿಗೆಯ ಕಾವಿಗೆ ದಂಡಿಯ ಮೇಲಿನ ಮೇಣ ಕರಗಿ ಹರಿದಿತ್ತು. ಆರು ಮೆಟ್ಟಿಲು ಕಿತ್ತುಬಂದಿದ್ದವು. ತಂತಿಗಳಿಗೆ ತುಕ್ಕು. ಬಣ್ಣ ಬಳಿಯಲು ಬಂದವನು, "ಶೋಕೇಸಿಗೆ ತಗೊಳ್ಳೋರು ಅವ್ರೆ ಕಣಕ್ಕ, ಕೊಟ್ಬುಡಿ, ಒಳ್ಳೆ ಕಾಸು ಕೊಡ್ತಾರೆ" ಎಂದ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ "ನಿನ್ನಿಷ್ಟ" ಎಂದರು.

ನನಗೆ ಕೊಡಲು ಮನಸ್ಸಾಗಲಿಲ್ಲ. ನಾನೇ ಸರಿಮಾಡುತ್ತೇನೆಂದು ಹೊರಟೆ. ಮೇಣ ತಾನೆ ಹೋಗಿರುವುದು? ಮೇಣದ ಬತ್ತಿ ಕರಗಿಸಿ ಸುರಿದೆ! ಮೆಟ್ಟಿಲುಗಳು ಎರಡು ದಿನ ನಿಂತವು. ಮೂರನೆಯ ದಿನ ತಂತಿ ಒತ್ತಿದ ಕೂಡಲೆ ಮೇಣ ಚಕ್ಕೆ ಚಕ್ಕೆಯಾಗಿ ಎದ್ದುಬಂತು.

"ನೀನೇ ವಾಸಿ ಕಣೆ!"

ಇಂಥ ಪೆದ್ದುತನವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಮದ್ದೂರಿನಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದಾಗ, ಊಟಕ್ಕೆ ಪಕ್ಕದ ಎಲೆಯಲ್ಲಿ ಕುಳಿತ ಹಿರಿಯಕ್ಕನ ಹತ್ತಿರ ಬಾಯಿ ತಪ್ಪಿ ಹೇಳಿಬಿಟ್ಟೆ. ಆಕೆ ಅನ್ನ ಕಲಸುವುದನ್ನು ನಿಲ್ಲಿಸಿ ನಕ್ಕರು. "ಮೇಣದ ಬತ್ತೀನಾ? ನಾನು ಅರಗು ಕಾಯಿಸಿ ಹುಯ್ದಿದ್ದೆ. ಅದನ್ನ ಬಿಡಿಸೋಕೆ ರಿಪೇರಿಯವರು ಒಂದು ದಿನ ಒದ್ದಾಡಿದರು. ನೀನೇ ವಾಸಿ ಕಣೆ!"

ಆ ನಗುವಿನಿಂದ ನನ್ನ ನಾಚಿಕೆ ಅರ್ಧ ಹೋಯಿತು. ಉಳಿದರ್ಧ, ಅವರು ಮೈಸೂರಿನ ಕುಶಲಕರ್ಮಿಯೊಬ್ಬರ ಬಳಿಗೆ ನನ್ನನ್ನು ಕರೆದುಕೊಂಡು ಹೋದಾಗ ಹೋಯಿತು. 1939ರವರೆಗೆ ನಮ್ಮ ಮಂಡ್ಯವೂ ಮೈಸೂರು ಜಿಲ್ಲೆಗೇ ಸೇರಿತ್ತು. ವೀಣೆ ಶೇಷಣ್ಣನವರು (1852-1926), ವೆಂಕಟಗಿರಿಯಪ್ಪನವರು, ದೊರೆಸ್ವಾಮಿ ಅಯ್ಯಂಗಾರ್ಯರು (1920-1997) ನುಡಿಸಿದ ಊರು ಅದು. ವೀಣೆಯನ್ನು ಅಲ್ಲಿಗೆ ಒಯ್ಯದೆ ಇನ್ನೆಲ್ಲಿಗೆ ಒಯ್ಯುವುದು?

ಕುಶಲಕರ್ಮಿ ಹಳೆಯ ಮೇಣವನ್ನೆಲ್ಲ ಕೆರೆದು ತೆಗೆದರು. ಜೇನುಮೇಣಕ್ಕೆ ಕರಿಪುಡಿ ಬೆರೆಸಿ ಕಾಯಿಸಿ, ದಂಡಿಯ ಎರಡೂ ಅಂಚಿಗೆ ಸಾಲಾಗಿ ಕಟ್ಟಿದರು. ಅದರ ಮೇಲೆ 24 ಮೆಟ್ಟಿಲುಗಳನ್ನು ಒಂದೊಂದಾಗಿ, ತಂತಿ ಮೀಟಿ ಕಿವಿಯಿಂದಲೇ ಜಾಗ ಗೊತ್ತುಮಾಡಿ ಕೂರಿಸಿದರು. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಒಂದು ಸ್ಥಾಯಿಗೆ 12ರಂತೆ ಎರಡು ಸ್ಥಾಯಿಗೆ 24 ಮೆಟ್ಟಿಲು. "ಮೊಳೆ ಹೊಡೆದು ಭದ್ರ ಮಾಡಬಾರದೆ?" ಎಂದು ಕೇಳಿದೆ. "ಮರ ಹಿಗ್ಗುತ್ತೆ, ಕುಗ್ಗುತ್ತೆ ತಾಯಿ. ಮೇಣವಾದರೆ ಮೆಟ್ಟಿಲನ್ನ ಕೂದಲೆಳೆಯಷ್ಟು ಸರಿಸಬಹುದು. ಮೊಳೆ ಹೊಡೆದರೆ ಅಪಸ್ವರವೂ ಭದ್ರವಾಗಿ ಕೂತುಬಿಡುತ್ತೆ" ಎಂದರು.

ತಿಂಗಳಿಗೊಂದು ಭಾನುವಾರ

ಹೀಗೆ ಶುರುವಾಯಿತು ನಮ್ಮ ಸ್ನೇಹ. ಮಳವಳ್ಳಿಯ ನಿವೃತ್ತ ಟೀಚರೊಬ್ಬರು ತಮ್ಮ ತಾಯಿಯ ಕಾಲದ ತಂಬೂರಿಯೊಂದಿಗೆ ಮೂರನೆಯವರಾಗಿ ಸೇರಿದರು. ಮಳವಳ್ಳಿಗೆ ರೈಲಿಲ್ಲ. ಮಂಡ್ಯದಿಂದ ನಾನು ರೈಲಿನಲ್ಲಿ, ಅವರು ಬಸ್ಸಿನಲ್ಲಿ, ನಡುವಿನ ಮದ್ದೂರಿನಲ್ಲಿ ಅಕ್ಕನ ಮನೆ. ತಿಂಗಳಿಗೊಂದು ಭಾನುವಾರ ಸೇರುವುದು. ಒಬ್ಬರ ಡಬ್ಬಿಯಲ್ಲಿ ಕೋಡುಬಳೆ, ಇನ್ನೊಬ್ಬರ ಚೀಲದಲ್ಲಿ ತಂತಿಯ ಸುರುಳಿ. ಮದ್ದೂರು ವಡೆಯಂತೂ ಇದ್ದೇ ಇರುತ್ತದೆ!

ಟೀಚರ ತಂಬೂರಿ ಎಷ್ಟು ಶ್ರುತಿ ಮಾಡಿದರೂ ಮಂಕಾಗಿಯೇ ಇತ್ತು. ಅದಕ್ಕೆ ಮದ್ದು ಹೇಳಿದವರು ಯಾವ ಸಂಗೀತ ವಿದ್ವಾಂಸರೂ ಅಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ನೆಲೆಯೆಂದು ನಿಮಗೆ ಗೊತ್ತೇ ಇದೆ. ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಸೀಮೆ ಅದು. ಅಂಥ ಹಾಡುಗಾರರೊಬ್ಬರು, ಎಂಬತ್ತು ಸಮೀಪಿಸಿದ ಹಿರಿಯರು, ಟೀಚರ ಮನೆ ಜಗುಲಿಯಲ್ಲಿ ಕುಳಿತು ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡರು. ಹತ್ತಿಯ ದಾರದ ಒಂದು ಎಳೆಯನ್ನು ಕುದುರೆಯ ಮೇಲೆ ತಂತಿಯ ಕೆಳಗೆ ತೂರಿಸಿ, ಮೀಟುತ್ತ ಮೀಟುತ್ತ ಆ ಕಡೆ ಈ ಕಡೆ ಸರಿಸಿದರು. ಒಂದು ಜಾಗಕ್ಕೆ ಬಂದಾಗ ಝೇಂ ಎಂದು ನಾದ ಅರಳಿತು. "ಇದ್ಕೇ ಜೀವ ಅನ್ನೋದು ಕಣವ್ವ. ದಾರ ಜಾಗ ಸೇರಿದ್ರೆ ತಂತಿ ತಾನೇ ಮಾತಾಡ್ತದೆ" ಎಂದರು. ಟೀಚರು ಕಣ್ಣೊರೆಸಿಕೊಂಡರು. ಅವರ ತಾಯಿ ತೀರಿಕೊಂಡ ಮೇಲೆ ಆ ನಾದ ಅವರು ಕೇಳಿದ್ದು ಅದೇ ಮೊದಲು.

ನಾನು ಮಾಡಿದ ತಪ್ಪು

ಆದರೆ ಸೋದರಿಯರೆ, ನಾಲ್ಕು ವಿಷಯ ಕಲಿತ ಕೂಡಲೆ ನಮಗೆ ಕೋಡು ಮೂಡುತ್ತದೆ. ನನಗೂ ಮೂಡಿತು. ಯಾವ ತಂತಿ ದಪ್ಪ, ಯಾವುದು ಸಣ್ಣ, ಏಕಾಂಡ ವೀಣೆ ಮೇಲೋ, ಜೋಡಿಸಿದ್ದು ಮೇಲೋ ಎಂದು ಗಂಟೆಗಟ್ಟಲೆ ಚರ್ಚೆ. ಒಂದು ಭಾನುವಾರ ಮಳವಳ್ಳಿ ಕಡೆಯ ಹೊಸ ಹುಡುಗಿಯೊಬ್ಬಳು ಬಂದಳು. ರವಿಕೆ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ ಯಾರಿಂದಲೋ ಹಳೆಯ ವೀಣೆ ಕೊಂಡಿದ್ದಳು. ದಂಡಿಯ ಕೆಳಗಿನ ಸಣ್ಣ ಬುರುಡೆ ಸೀಳಿತ್ತು. ಅವಳು ಒಂದು ಸ್ವರ ನುಡಿಸುವ ಮೊದಲೇ ನಾನು "ಅಯ್ಯೋ, ಬುರುಡೆ ಒಡೆದಿದೆಯಲ್ಲಮ್ಮ, ಮೋಸ ಹೋದೆ. ಇದು ಒಲೆಗೇ ಸೈ" ಎಂದುಬಿಟ್ಟೆ. ತಮಾಷೆಗೆಂದೇ ಅಂದದ್ದು. ಅವಳು ನಗಲಿಲ್ಲ. ಕಾಫಿ ಕುಡಿದು, ವೀಣೆಗೆ ಬಟ್ಟೆ ಸುತ್ತಿಕೊಂಡು ಹೋದಳು. ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ.

ಮೈಸೂರಿಗೆ ಹೋದಾಗ ಕುಶಲಕರ್ಮಿಗೆ ಈ ವಿಷಯ ಹೇಳಿದೆ. ಅವರು, "ಸಣ್ಣ ಬುರುಡೆ ಊರುಗೋಲಿದ್ದ ಹಾಗಮ್ಮ. ಮಾತಾಡೋದು ದೊಡ್ಡ ಕೊಡ. ಬುರುಡೆಯನ್ನ ತಿರುಗಿಸಿ ಬಿಚ್ಚಿ ಬೇರೆ ಹಾಕಬಹುದು, ಅದೇನು ದೊಡ್ಡ ಮಾತು?" ಎಂದರು. ನನ್ನ ಮುಖ ಸಪ್ಪಗಾಯಿತು. ತಿಳಿಯದ ವಿಷಯದಲ್ಲಿ ತೀರ್ಪು ಕೊಟ್ಟು ಒಂದು ಹೆಣ್ಣುಮಗಳ ಆಸೆಯನ್ನು ಚಿವುಟಿದ್ದೆ. ಹಿಂದೊಮ್ಮೆ ನಾನೇ ಮೇಣದ ಬತ್ತಿ ಸುರಿದವಳು!

ಮಾರನೆಯ ವಾರವೇ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ವೀಣೆ ಮಂಚದ ಕೆಳಗಿತ್ತು. "ತಪ್ಪಾಯ್ತಮ್ಮ, ನನಗೆ ಗೊತ್ತಿರಲಿಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರೋಣ ಅಂತ ಮಾತಾಡಿದ್ದೆ ಅಕ್ಕ" ಎಂದಳು. ನಾನು ಒಂದು ವಾರ ತಡಮಾಡಿದ್ದರೆ! ಈಗ ಅವಳ ವೀಣೆಗೆ ಬೇರೆ ಬುರುಡೆ ಬಂದಿದೆ. ನಮ್ಮ ನಾಲ್ವರಲ್ಲಿ ಒಳ್ಳೆಯ ನಾದ ಅವಳ ವೀಣೆಯದೇ.

ದೊಡ್ಡವರೂ ತಿದ್ದಿ ನೋಡಿದವರೇ

ವಾದ್ಯವನ್ನು ಬಿಚ್ಚುವುದು, ಕಟ್ಟುವುದು ಗಂಡಸರ ಕೆಲಸ, ಪಂಡಿತರ ಕೆಲಸ ಎಂದು ಹಿಂಜರಿಯುವಿರಾ? ಮಳವಳ್ಳಿಗೆ ಬಹು ದೂರವಿಲ್ಲದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರನ್ನು ನೆನೆಯಿರಿ. ಮೈಕು ಇಲ್ಲದ ಕಾಲದಲ್ಲಿ ಹಿಂದೆ ಕುಳಿತವರಿಗೂ ಕೇಳಿಸಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ಅವರ ನೆನಪಿಗೆ ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಎದ್ದಿತು. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಇಂಜಿನಿಯರಾಗಿದ್ದ ಜಿ. ರಾಜನಾರಾಯಣ ಅವರು ಕೊಳಲು ನುಡಿಸುವವರು. ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಇಂದು ಎಷ್ಟೋ ಮನೆಗಳಲ್ಲಿ ಪಾಠದ ಹೊತ್ತಿಗೆ ಶ್ರುತಿ ಹಿಡಿಯುವುದು ಅಂಥ ಪೆಟ್ಟಿಗೆಯೇ. ಇದ್ದದ್ದು ಸಾಲದು ಎನಿಸಿದಾಗ ಕೈಯಾರೆ ತಿದ್ದಿ ನೋಡುವ ಧೈರ್ಯ ಇಬ್ಬರಿಗೂ ಇತ್ತು. ನಾವು ಅಷ್ಟು ಮಾಡದಿದ್ದರೂ ತಂತಿ ಬದಲಿಸಲು ಹೆದರಬೇಕೆ?

ಮನೆಯಲ್ಲೇ ಮಾಡಬಹುದಾದದ್ದು

1. ವೀಣೆಯನ್ನು ಅಟ್ಟದಲ್ಲಿ, ಒಲೆಯ ಹತ್ತಿರ, ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ಕಾವಿಗೆ ಮೇಣ ಮೆತ್ತಗಾಗುತ್ತದೆ.

2. ತಂತಿ ಬದಲಿಸುವಾಗ ಒಂದನ್ನು ಬಿಚ್ಚಿ, ಹೊಸದು ಕಟ್ಟಿ, ಆಮೇಲೆ ಇನ್ನೊಂದನ್ನು ಬಿಚ್ಚಿ. ಕುದುರೆಯನ್ನು ಹಿಡಿದು ನಿಲ್ಲಿಸುವುದು ತಂತಿಗಳ ಒತ್ತಡವೇ. ಎಲ್ಲ ಒಟ್ಟಿಗೆ ಬಿಚ್ಚಿದರೆ ಕುದುರೆ ಜಾಗ ಬಿಡುತ್ತದೆ.

3. ಬಿರಡೆ ಜಾರುತ್ತಿದ್ದರೆ ಅದನ್ನು ಹೊರಗೆಳೆದು, ಚೂರು ಸೀಮೆಸುಣ್ಣದ ಪುಡಿ ಸವರಿ ಮತ್ತೆ ಕೂರಿಸಿ.

4. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿ ಒರೆಸಿ. ಬೆವರೇ ತುಕ್ಕಿಗೆ ಮೂಲ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುವುದಾದರೆ ಒಂದೇ ತೊಟ್ಟು ಸಾಕು.

5. ಪೂಜೆಯ ದಿನ ಒದ್ದೆ ಹೂವು, ಕಲಸಿದ ಅರಿಶಿನ ಮರಕ್ಕೆ ತಾಗಿಸಬೇಡಿ. ಕೆಳಗೆ ಇಟ್ಟು ನಮಸ್ಕರಿಸಿ. ಸರಸ್ವತಿ ಬೇಸರಪಟ್ಟುಕೊಳ್ಳುವುದಿಲ್ಲ.

6. ಮೇಳ ಕಟ್ಟುವುದು, ದಂಡಿ ಬಾಗಿದ್ದು, ಕೊಡ ಸೀಳಿದ್ದು, ಕುದುರೆಯ ಮೇಲಿನ ಲೋಹದ ತಗಡು ಸವೆದದ್ದು: ಇವು ಬಲ್ಲವರ ಕೈಗೇ ಹೋಗಲಿ. ನನ್ನ ಮೇಣದ ಬತ್ತಿಯನ್ನು ಮರೆಯಬೇಡಿ!

ಇನ್ನೊಂದು ಮಾತು. ಯಾರಾದರೂ ಹಳೆಯ ವಾದ್ಯ ತಂದು ತೋರಿಸಿದರೆ ಮೊದಲು "ನುಡಿಸಿ, ಕೇಳೋಣ" ಎನ್ನಿ. ಬೆಲೆ ಆಮೇಲೆ ಕೇಳಿ, ಅಥವಾ ಕೇಳಲೇಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ನೀವು ಮಾಡಿದ ಎಡವಟ್ಟನ್ನು ಮುಚ್ಚಿಡದೆ ಹೇಳಿ. ಮದ್ದೂರಿನ ಅಕ್ಕ ಅಂದು ಅರಗಿನ ಕಥೆ ಹೇಳದಿದ್ದರೆ ನನ್ನ ವೀಣೆ ಇಂದು ಯಾರದೋ ಶೋಕೇಸಿನಲ್ಲಿ ಇರುತ್ತಿತ್ತು.

ಕಳೆದ ತಿಂಗಳು ನಾಲ್ವರೂ ಒಟ್ಟಿಗೆ ಮೋಹನ ರಾಗದ ಒಂದು ಗೀತೆ ನುಡಿಸಿದೆವು. ಮೂರು ವೀಣೆ, ಒಂದು ತಂಬೂರಿ. ಶ್ರುತಿ ಕೂಡಿಸಲು ಮುಕ್ಕಾಲು ಗಂಟೆ, ನುಡಿಸಲು ಐದು ನಿಮಿಷ! ನನ್ನ ಬೆರಳು ಎರಡು ಕಡೆ ತಪ್ಪಿತು. ನನ್ನನ್ನು ರೈಲಿಗೆ ಕರೆದೊಯ್ಯಲು ಬಂದಿದ್ದ ನಮ್ಮ ಯಜಮಾನರು ಬಾಗಿಲಲ್ಲೇ ನಿಂತು ಕೇಳಿ, ರೈಲಿನಲ್ಲಿ ಕುಳಿತ ಮೇಲೆ "ಅದನ್ನ ಮನೇಲಿ ಇನ್ನೊಂದು ಸಲ ನುಡಿಸ್ತೀಯಾ?" ಎಂದರು. ಹೆಣ್ಣು ನೋಡಲು ಬಂದ ದಿನದ ನಂತರ ಅವರು ಕೇಳಿದ್ದು ಅದೇ ಮೊದಲು.

ಈ ಭಾನುವಾರ ಏಣಿ ಹಾಕಿ ಅಟ್ಟ ಹತ್ತಿ ನೋಡಿ. ಧೂಳು ಒರೆಸಿ ಒಂದು ತಂತಿ ಮೀಟಿ. ಹಾಡ್ತಾ ಹಾಡ್ತಾ ರಾಗ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆಮೇಲೆ ಪಕ್ಕದ ಬೀದಿಯಲ್ಲಿ ಇನ್ನೊಂದು ವೀಣೆ ಯಾರ ಮನೆಯಲ್ಲಿದೆಯೆಂದು ವಿಚಾರಿಸಿಕೊಂಡು ಹೋಗಿ. ಹೋಗುವಾಗ ಡಬ್ಬಿಯಲ್ಲಿ ನಾಲ್ಕು ಕೋಡುಬಳೆ ಇರಲಿ!