ಹಳೇ ಮೆಟಡೋರಿಗೆ ಹೊಸ ತಗಡು

ಸೈಕಲ್ಲಿನ ಪೆಡಲು ಮುರಿದರೆ ಅಂಗಡಿಗೆ ಹೋಗಿ ಹೊಸದು ತರುತ್ತೇವೆ. ಆದರೆ ಕಂಪನಿಯೇ ಮಾಡುವುದನ್ನು ನಿಲ್ಲಿಸಿದ ಗಾಡಿಯ ಬಾಗಿಲು ತುಕ್ಕು ತಿಂದು ಹೋದರೆ ಏನು ಮಾಡ್ಬೇಕು? ನಮ್ಮ ಸೋದರಮಾವ ಟಿಂಕರ್ ಕೆಲಸ ಮಾಡ್ತಾರೆ. ಬೇಸಿಗೆ ರಜೆಯಲ್ಲಿ ಅವರ ಶೆಡ್ಡಿನಲ್ಲಿ ನೋಡಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಶೆಡ್ಡಿಗೆ ಒಂದು ಹಳೇ ಮೆಟಡೋರ್ ವ್ಯಾನು ಬಂದಿತ್ತು. ಅದರ ಯಜಮಾನರು ಜಾತ್ರೆಯಿಂದ ಜಾತ್ರೆಗೆ ಹೋಗಿ ಸ್ಟೀಲ್ ಪಾತ್ರೆ ಮಾರುವವರು. ಗಂಡ, ಹೆಂಡತಿ, ಇಬ್ಬರು ಮಕ್ಕಳು ವ್ಯಾನಿನಲ್ಲೇ ಮಲಗುತ್ತಾರೆ. ಒಳಗೆ ಹಲಗೆ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಎಲ್ಲಾ ಇವೆ. ಇಂಥ ಗಾಡಿಗೆ ಮೋಟರ್‌ಹೋಮ್ ಎನ್ನುತ್ತಾರೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ಅದರ ಹಿಂದಿನ ಮೂಲೆ, ಬಾಗಿಲಿನ ಕೆಳಭಾಗ ಪೂರಾ ತುಕ್ಕು. ಮಳೆ ಬಂದರೆ ಹಾಸಿಗೆ ಒದ್ದೆ. ಅಷ್ಟೇ ಅಲ್ಲ, ಗಾಡಿ ಗಟ್ಟಿ ಇಲ್ಲದಿದ್ದರೆ ಎಫ್.ಸಿ. ಸಿಗುವುದಿಲ್ಲ. ಎಫ್.ಸಿ. ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ಆಗ ವ್ಯಾಪಾರವೂ ಹೋಯ್ತು, ಮನೆಯೂ ಹೋಯ್ತು.

ಭಾಗಗಳು ಯಾಕೆ ಸಿಗುವುದಿಲ್ಲ?

ಮೆಟಡೋರನ್ನು ಜರ್ಮನಿಯ ಟೆಂಪೊ ವ್ಯಾನಿನ ಮಾದರಿಯಲ್ಲಿ ಬಜಾಜ್ ಟೆಂಪೊ ಕಂಪನಿ ಮಾಡುತ್ತಿತ್ತು. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಮೆಟಡೋರ್ ಈಗ ತಯಾರಾಗುವುದಿಲ್ಲ. ಬಲ್ಬು, ಬೋಲ್ಟು, ಬೇರಿಂಗು ಬೇರೆ ಗಾಡಿಗಳದ್ದೂ ಹೊಂದುತ್ತವೆ. ಆದರೆ ಬಾಗಿಲು, ಮೂಲೆ ತಗಡು ಆ ಒಂದು ಗಾಡಿಗೆ ಮಾತ್ರ ಸರಿಯಾಗುತ್ತವೆ.

ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನಿನ ಕಥೆ ಬೇರೆ. ಅದು 1950ರಲ್ಲಿ ಶುರುವಾಗಿ ಬ್ರೆಜಿಲ್ ದೇಶದಲ್ಲಿ 2013ರವರೆಗೂ ತಯಾರಾಯಿತು. ಜನ ಅದನ್ನು ಮಲಗುವ ಮನೆ ಮಾಡಿಕೊಂಡು ಇಂದಿಗೂ ಇಟ್ಟುಕೊಂಡಿದ್ದಾರೆ. ಕೊಳ್ಳುವವರು ಬಹಳ ಇರುವುದರಿಂದ ಅದರ ತಗಡುಗಳನ್ನು ಬೇರೆಯವರು ಹೊಸದಾಗಿ ಮಾಡಿ ಮಾರುತ್ತಾರೆ. ನಮ್ಮ ಮೆಟಡೋರಿಗೆ ಎರಡೇ ದಾರಿ: ಗುಜರಿಯಲ್ಲಿ ಹುಡುಕೋದು, ಇಲ್ಲಾ ಕೈಯಿಂದ ಮಾಡೋದು.

ಹುಡುಕುವುದು

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೇ ಗಾಡಿಗಳ ಬಿಡಿಭಾಗ ಮಾರುತ್ತಾರೆ. ಹೋಗುವಾಗ ಹಳೇ ತುಂಡನ್ನೇ ಕೈಯಲ್ಲಿ ಹಿಡಿದು ಹೋಗಬೇಕು, ಬಾಯಲ್ಲಿ ಹೇಳಿದರೆ ಅಳತೆ ತಪ್ಪುತ್ತದೆ. ಬಣ್ಣ ನೋಡಿ ಮೋಸ ಹೋಗಬಾರದು. ಒಳಮಗ್ಗುಲು ಬೆರಳಿನಿಂದ ತಟ್ಟಿದರೆ ಗಟ್ಟಿ ತಗಡು ಟಣ್ ಅನ್ನುತ್ತೆ, ತುಕ್ಕು ಹಿಡಿದದ್ದು ಬೊದ್ ಅನ್ನುತ್ತೆ. ಈ ವ್ಯಾನಿಗೆ ಬಾಗಿಲಿನ ಹಿಡಿ ಮತ್ತು ಕೀಲು ಹೀಗೇ ಸಿಕ್ಕವು. ಗಾಜಿನ ಸುತ್ತ ಹಾಕುವ ರಬ್ಬರನ್ನು ಅಳೆದು ಕೊಡುತ್ತಾರೆ.

ಮಾಡುವುದು

1. ಮೊದಲು ಗ್ಯಾಸ್ ಸಿಲಿಂಡರು, ಹಾಸಿಗೆ ಎಲ್ಲಾ ಹೊರಗೆ. ಬ್ಯಾಟರಿ ವೈರು ಬಿಚ್ಚಬೇಕು. ವೆಲ್ಡಿಂಗ್ ಕಿಡಿ ಬಿದ್ದರೆ ಗಾಡಿಯೇ ಸುಟ್ಟುಹೋಗುತ್ತೆ.

2. ತುಕ್ಕನ್ನು ಹೊಳೆಯುವ ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಬೇಕು. ಸ್ವಲ್ಪ ತುಕ್ಕು ಉಳಿದರೂ ಹೊಸ ತಗಡಿಗೆ ಹರಡುತ್ತದೆ.

3. ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ ಅಚ್ಚು ಕತ್ತರಿಸುತ್ತಾರೆ, ಟೈಲರ್ ಅಂಗಿಗೆ ಅಳತೆ ತೆಗೆದ ಹಾಗೆ. ಎಡಮೂಲೆ ಪೂರಾ ಹೋಗಿತ್ತು. ಮಾವ ಬಲಮೂಲೆಯ ಅಚ್ಚು ತೆಗೆದು ಅದನ್ನು ತಿರುವಿ ಹಾಕಿದರು! ಕನ್ನಡಿಯಲ್ಲಿ ಎಡಗೈ ಬಲಗೈ ಆಗುತ್ತಲ್ಲ, ಅದೇ ಲೆಕ್ಕ. ಗಣಿತದ ಸಮಮಿತಿ ಪಾಠ ನನಗೆ ಅಲ್ಲಿ ಚೆನ್ನಾಗಿ ಅರ್ಥವಾಯಿತು.

4. ಸುಮಾರು 1 ಮಿಲಿಮೀಟರ್ ದಪ್ಪದ ಕಬ್ಬಿಣದ ಶೀಟು ಬೇಕು. ನೇರ ಮಡಿಕೆಯನ್ನು ಆಂಗಲ್ ಮೇಲಿಟ್ಟು ಮರದ ಸುತ್ತಿಗೆಯಿಂದ ಮಡಿಸುತ್ತಾರೆ. ಗುಂಡು ಭಾಗಕ್ಕೆ ಮರಳಿನ ಚೀಲದ ಮೇಲಿಟ್ಟು ತಟ್ಟುತ್ತಾರೆ. ಏಟು ಬಿದ್ದ ಕಡೆ ತಗಡು ತೆಳ್ಳಗಾಗಿ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ಜಾಗ ಬೇಕಲ್ಲ, ಅದಕ್ಕೇ ಉಬ್ಬುತ್ತದೆ.

5. ವೆಲ್ಡಿಂಗನ್ನು ಒಂದೇ ಗೆರೆಯಾಗಿ ಎಳೆಯಬಾರದು. ಶಾಖಕ್ಕೆ ತಗಡು ಹಪ್ಪಳದ ಹಾಗೆ ಸೊಟ್ಟ ಆಗುತ್ತೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ನಡುವೆ ತುಂಬುತ್ತಾ ಹೋಗಬೇಕು. ಸತು ಲೇಪದ ಜಿ.ಐ. ಶೀಟನ್ನು ಹಾಗೇ ವೆಲ್ಡ್ ಮಾಡಿದರೆ ಬರುವ ಬಿಳಿ ಹೊಗೆ ಕುಡಿದು ಜ್ವರ ಬರುತ್ತದೆ.

6. ಕೊನೆಗೆ ಗ್ರೈಂಡರಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ತೆಳ್ಳಗೆ ಪಟ್ಟಿ ಎಳೆದು ಬಣ್ಣ ಹೊಡೆಯುತ್ತಾರೆ.

ದೀಪದ ಸುತ್ತಲಿನ ಚೌಕಟ್ಟನ್ನು ಫೈಬರಿನಲ್ಲಿ ಮಾಡಿದರು. ಚೆನ್ನಾಗಿರುವ ಚೌಕಟ್ಟಿಗೆ ಮೇಣ ಸವರಿ ಅಚ್ಚು ತೆಗೆದು, ಆ ಅಚ್ಚಿಗೆ ಗಾಜಿನ ನಾರಿನ ಬಟ್ಟೆ ಹಾಸಿ ರಾಳ ಬಳಿದರು. ರಾಳಕ್ಕೆ ಗಟ್ಟಿ ಮಾಡುವ ದ್ರಾವಣ ಬೆರೆಸಿರುತ್ತಾರೆ. ಇದಕ್ಕೆ ತುಕ್ಕು ಹಿಡಿಯುವುದೇ ಇಲ್ಲ. ಆದರೆ ಭಾರ ಹೊರುವ ಕಡೆ ಕಬ್ಬಿಣವೇ ಬೇಕು. ಇಷ್ಟೆಲ್ಲಾ ಬದಲಾಯಿಸಿದರೂ ಛಾಸಿ ನಂಬರನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ, ಅದು ಕಾನೂನು.

ಹನ್ನೊಂದು ದಿನದ ಕೆಲಸ ಮುಗಿದ ಮೇಲೆ ಮಾವ ವ್ಯಾನಿನ ಮೇಲೆ ನಾಲ್ಕು ಬಿಂದಿಗೆ ನೀರು ಸುರಿಸಿದರು. ಆ ಅಕ್ಕ ಒಳಗೆ ಕೂತು ಮಂಚವನ್ನೆಲ್ಲಾ ಕೈಯಿಂದ ಸವರಿ ನೋಡಿ, "ಒಂದು ಹನಿಯೂ ಇಲ್ಲಣ್ಣ" ಅಂದರು. ಆಮೇಲೆ ಎಫ್.ಸಿ.ಯೂ ಆಯಿತು.

ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿದ್ದರಿಂದಲೇ ನೀರು ಒಳಗೆ ನಿಂತು ಈ ವ್ಯಾನಿಗೆ ತುಕ್ಕು ಹಿಡಿದದ್ದು. ನಿಮ್ಮ ಮನೆಯಲ್ಲಿ ಜೀಪು, ಟೆಂಪೊ ಇದ್ದರೆ ಬಗ್ಗಿ ನೋಡಿ. ತೂತು ಮುಚ್ಚಿದ್ದರೆ ಒಂದು ಪೊರಕೆ ಕಡ್ಡಿ ಸಾಕು.