ಎರಡು ಸಾವಿರದ ನೋಟಿನ ಚಿಪ್ಪೂ ತಾತನ ಸ್ಟೀಲ್ ಡಬ್ಬಿಯೂ



2000 ರೂಪಾಯಿಯ ಗುಲಾಬಿ ಬಣ್ಣದ ನೋಟು ನಿಮಗೆ ನೆನಪಿದೆಯಾ? 2016ನೇ ಇಸವಿ ನವೆಂಬರ್ 8ರ ರಾತ್ರಿ ಹಳೇ 500, 1000ದ ನೋಟು ರದ್ದಾಯಿತು ಎಂದು ಹೇಳಿದ ಮೇಲೆ ಅದು ಬಂತು. ನಾನಾಗ ಅಂಗನವಾಡಿಯಲ್ಲಿದ್ದೆ. ಆದ್ದರಿಂದ ಈ ಕಥೆಯನ್ನು ನಮ್ಮ ತಾತ ಹೇಳಿದಂತೆ ಬರೆಯುತ್ತಿದ್ದೇನೆ.

ತಾತ ತಿಪಟೂರಿಗೆ ಕೊಬ್ಬರಿ ಹಾಕಿ ಬಂದಾಗ ಅವರಿಗೆ ಅಂಥ ಒಂದು ನೋಟು ಸಿಕ್ಕಿತಂತೆ. ಆ ಹೊತ್ತಿಗೆ ಊರಲ್ಲೆಲ್ಲ ಒಂದು ಸುದ್ದಿ ಹಬ್ಬಿತ್ತು. ನೋಟಿನೊಳಗೆ ನ್ಯಾನೋ ಜಿಪಿಎಸ್ ಚಿಪ್ ಇದೆ, 120 ಮೀಟರ್ ಆಳಕ್ಕೆ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತೆ, ಅಂತ. ಮೊಬೈಲಿನಲ್ಲಿ ಬಂದದ್ದು ಹಾಗಿರಲಿ, ಟಿ.ವಿ. ಚಾನೆಲ್ಲುಗಳಲ್ಲೂ ಇದನ್ನು ತೋರಿಸಿದರು. ತಾತ ನೋಟನ್ನು ಮಡಿಸಿ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ರಾಗಿ ಮೂಟೆಯೊಳಗೆ ಇಟ್ಟರಂತೆ. “ಅದೇನು ಕಳ್ಳ ದುಡ್ಡಾ ತಾತ?” ಅಂತ ಕೇಳಿದೆ. “ಕಳ್ಳ ದುಡ್ಡಲ್ಲ ಕಣೋ, ಕೊಬ್ಬರಿ ದುಡ್ಡು. ಆದ್ರೂ ಯಾರೋ ನೋಡ್ತಾ ಕೂತವ್ರೆ ಅಂದ್ರೆ ಮನಸ್ಸಿಗೆ ಒಂಥರಾ ಆಗಲ್ವಾ?” ಅಂದರು.

ಈ ಮಾತು ನನಗೆ ತುಂಬಾ ಹಿಡಿಸಿತು. ಅದಕ್ಕೇ ಈ ಲೇಖನ.

ನನಗೆ ಕಂಪ್ಯೂಟರ್ ಅಂದ್ರೆ ಪ್ರಾಣ. ಆದರೆ ಕಂಪ್ಯೂಟರ್ ಬಗ್ಗೆ ಬರುವ ಸುದ್ದಿಗಳನ್ನು ಮಾತ್ರ ನಾನು ಸುಲಭವಾಗಿ ನಂಬುವುದಿಲ್ಲ. ಸುದ್ದಿ ಯಾವುದೇ ಇರಲಿ, ‘ಅದು ಕೆಲಸ ಮಾಡೋದು ಹೇಗೆ?’ ಅಂತ ಕೇಳಬೇಕು. ನೋಟಿನ ಚಿಪ್ಪಿಗೂ ಇದೇ ಪ್ರಶ್ನೆ ಕೇಳೋಣ.

ಜಿಪಿಎಸ್ ಎಂಬುದು ಅಮೆರಿಕ ದೇಶದ ಉಪಗ್ರಹಗಳ ಗುಂಪು. ಅವು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿವೆ. ಅವುಗಳ ಕೆಲಸ ಒಂದೇ. ‘ನಾನು ಇಂಥ ಕಡೆ ಇದ್ದೇನೆ, ಈಗ ಸಮಯ ಇಷ್ಟು’ ಎಂದು ಕೂಗುತ್ತಾ ಇರುವುದು. ಕೆಳಗಿರುವ ಯಂತ್ರ ಕನಿಷ್ಠ ನಾಲ್ಕು ಉಪಗ್ರಹಗಳ ಕೂಗನ್ನು ಕೇಳಿಸಿಕೊಂಡು, ಯಾವುದು ಎಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕಿ ತಾನು ಎಲ್ಲಿದ್ದೇನೆ ಅಂತ ಕಂಡುಹಿಡಿಯುತ್ತದೆ. ಯಂತ್ರ ಬರೀ ಕೇಳುತ್ತದೆ, ತಿರುಗಿ ಏನೂ ಹೇಳುವುದಿಲ್ಲ. ನಮ್ಮ ಮನೆಯ ರೇಡಿಯೋ ಹಾಗೆ. ನಾವು ಪ್ರದೇಶ ಸಮಾಚಾರ ಕೇಳುತ್ತಿದ್ದೇವೆ ಅಂತ ಆಕಾಶವಾಣಿಯವರಿಗೆ ಗೊತ್ತಾಗುತ್ತಾ? ಇಲ್ಲ. ಉಪಗ್ರಹಕ್ಕೂ ಗೊತ್ತಾಗುವುದಿಲ್ಲ.

ಹಾಗಾದರೆ ನೋಟು ತನ್ನ ಜಾಗವನ್ನು ಬೇರೆಯವರಿಗೆ ತಿಳಿಸಬೇಕಾದರೆ, ಕೇಳುವ ಯಂತ್ರದ ಜೊತೆಗೆ ಹೇಳುವ ಯಂತ್ರವೂ ಬೇಕು. ಹೇಳಬೇಕಾದರೆ ಕರೆಂಟ್ ಬೇಕು, ಅಂದರೆ ಬ್ಯಾಟರಿ ಬೇಕು. ನೋಟನ್ನು ಯಾರಾದರೂ ಚಾರ್ಜಿಗೆ ಹಾಕಿದ್ದು ನೋಡಿದ್ದೀರಾ? ಇನ್ನು 120 ಮೀಟರ್ ಆಳದ ಮಾತು ಬಿಡಿ, ಆರ್‌ಸಿಸಿ ಮನೆಯೊಳಗೇ ಉಪಗ್ರಹದ ಕೂಗು ಸರಿಯಾಗಿ ಕೇಳಿಸುವುದಿಲ್ಲ. ಅಂಥದ್ದೇನೂ ಇಲ್ಲ ಅಂತ ರಿಸರ್ವ್ ಬ್ಯಾಂಕಿನವರೇ ಆಗ ಹೇಳಿದರು. ಆ ನೋಟಿನಲ್ಲಿ ವಿಶೇಷ ಇದ್ದದ್ದು ಓರೆ ಮಾಡಿದರೆ ಹಸಿರಿನಿಂದ ನೀಲಿಗೆ ತಿರುಗುವ ದಾರ. ಉಪಗ್ರಹವೂ ಒಂದಿತ್ತು, ಸುಳ್ಳಲ್ಲ. ನೋಟಿನ ಹಿಂದೆ ಮಂಗಳಯಾನದ ಚಿತ್ರ!

2023ರ ಮೇ 19ರಂದು ಆ ನೋಟುಗಳನ್ನು ವಾಪಸು ಪಡೆಯುವುದಾಗಿ ರಿಸರ್ವ್ ಬ್ಯಾಂಕು ಹೇಳಿತು. ತಾತನ ನೋಟು ಅಷ್ಟು ವರ್ಷ ಡಬ್ಬಿಯಲ್ಲೇ ಇದ್ದು, ಆಮೇಲೆ ಬ್ಯಾಂಕಿಗೆ ಹೋಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೇಳುವ ಯಂತ್ರ, ಹೇಳುವ ಯಂತ್ರ, ಬ್ಯಾಟರಿ ಮೂರೂ ಇರುವ ವಸ್ತು ಒಂದು ನಮ್ಮೆಲ್ಲರ ಮನೆಯಲ್ಲಿದೆ. ಅದನ್ನು ನಾವೇ ದಿನಾ ಚಾರ್ಜಿಗೆ ಹಾಕುತ್ತೇವೆ. ಹೌದು, ಮೊಬೈಲು! ಗುಂಡಿ ಒತ್ತುವ ಹಳೇ ಮೊಬೈಲಿನಲ್ಲಿ ಜಿಪಿಎಸ್ ಇರದಿದ್ದರೂ ಅದು ಹತ್ತಿರದ ಟವರಿನ ಜೊತೆ ಆಗಾಗ ಮಾತಾಡಲೇಬೇಕು. ಇಲ್ಲದಿದ್ದರೆ ಕರೆ ಬಂದಾಗ ಯಾವ ಟವರಿನಿಂದ ಕಳುಹಿಸುವುದು? ಆದ್ದರಿಂದ ನಾವು ಯಾವ ಟವರಿನ ಹತ್ತಿರ ಇದ್ದೇವೆ ಅಂತ ಕಂಪನಿಯವರಿಗೆ ಗೊತ್ತಿರುತ್ತದೆ. ಟಚ್ ಫೋನಿನಲ್ಲಿ ಅದರ ಜೊತೆ ಜಿಪಿಎಸ್ಸೂ ಇದೆ, ಇಂಟರ್ನೆಟ್ಟೂ ಇದೆ.

ಅಮೆರಿಕದಲ್ಲಿ ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಅಂತ ಒಂದು ಟಾರ್ಚ್ ಆ್ಯಪ್ ಇತ್ತು. ಕತ್ತಲಲ್ಲಿ ಬೆಳಕು ಬಿಡುವುದಷ್ಟೇ ಅದರ ಕೆಲಸ, ಬಿಟ್ಟಿ ಬೇರೆ. ಕೋಟಿಗಟ್ಟಲೆ ಜನ ಹಾಕಿಕೊಂಡಿದ್ದರು. ಅದು ಫೋನು ಇರುವ ಜಾಗವನ್ನೂ ಫೋನಿನ ಗುರುತಿನ ಸಂಖ್ಯೆಯನ್ನೂ ಜಾಹೀರಾತಿನವರಿಗೆ ಕಳಿಸುತ್ತಿತ್ತು. ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗ 2013ರಲ್ಲಿ ಇದನ್ನು ಹಿಡಿಯಿತು. ಇದರಲ್ಲಿ ನನಗೆ ಸಿಟ್ಟು ಬಂದದ್ದು ಎಲ್ಲಿ ಗೊತ್ತಾ? ಆ ಆ್ಯಪಿನಲ್ಲಿ ‘ಒಪ್ಪಿದೆ’, ‘ಒಪ್ಪಲ್ಲ’ ಅಂತ ಎರಡು ಗುಂಡಿ ಇತ್ತು. ಜನ ಯಾವುದನ್ನೂ ಒತ್ತುವ ಮೊದಲೇ ಅದು ಸುದ್ದಿ ಕಳಿಸಿಬಿಡುತ್ತಿತ್ತು!

ಇದನ್ನು ಓದಿದ ಮೇಲೆ ನಮ್ಮ ಚಿಕ್ಕಪ್ಪನ ಫೋನು ಇಸಕೊಂಡು ನೋಡಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಪರ್ಮಿಷನ್ ಅನ್ನೋದನ್ನು ತೆಗೆದರೆ ಯಾವ ಆ್ಯಪು ಏನೇನು ಮುಟ್ಟಬಹುದು ಅಂತ ಪಟ್ಟಿ ಬರುತ್ತದೆ. ಒಂದು ರಮ್ಮಿಯಾಟಕ್ಕೆ ಚಿಕ್ಕಪ್ಪನ ಫೋನಿನಲ್ಲಿರುವ ಎಲ್ಲರ ನಂಬರು ಬೇಕಂತೆ! ಇಸ್ಪೀಟು ಆಡಲಿಕ್ಕೆ ನಮ್ಮಜ್ಜಿಯ ನಂಬರು ಯಾಕೆ? ನಾನು ಅದನ್ನು ಆರಿಸಿದೆ. ಆಟ ಮೊದಲಿನ ಹಾಗೇ ನಡೆಯಿತು. (ಚಿಕ್ಕಪ್ಪ ಸೋಲುವುದೂ ಮೊದಲಿನ ಹಾಗೇ ನಡೆದಿದೆ.)

ಇನ್ನೊಂದು ಸುದ್ದಿ ನೀವೆಲ್ಲ ಕೇಳಿರುತ್ತೀರಿ. ಫೋನು ಕದ್ದು ನಮ್ಮ ಮಾತು ಕೇಳಿಸಿಕೊಳ್ಳುತ್ತೆ, ಅದಕ್ಕೇ ಮಾತಾಡಿದ ವಸ್ತುವಿನದೇ ಜಾಹೀರಾತು ಬರುತ್ತೆ ಅಂತ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17,000ಕ್ಕೂ ಹೆಚ್ಚು ಆ್ಯಪುಗಳನ್ನು ಪರೀಕ್ಷೆ ಮಾಡಿ 2018ರಲ್ಲಿ ಹೇಳಿದರು. ಕದ್ದು ಮಾತು ಕೇಳಿಸಿಕೊಂಡದ್ದು ಒಂದರಲ್ಲೂ ಸಿಗಲಿಲ್ಲ. ಆದರೆ ಕೆಲವು ಆ್ಯಪುಗಳು ಪರದೆಯ ಮೇಲೆ ನಡೆಯುವುದನ್ನೇ ಚಿತ್ರ ತೆಗೆದು ಬೇರೆಯವರಿಗೆ ಕಳಿಸುತ್ತಿದ್ದವು. ನೋಡಿ, ಇಲ್ಲೂ ನೋಟಿನ ಕಥೆಯೇ. ನಾವು ಹೆದರುವುದು ಒಂದಕ್ಕೆ, ನಡೆಯುತ್ತಿರುವುದು ಇನ್ನೊಂದು.

“ನಮ್ಮ ಹತ್ರ ಮುಚ್ಚಿಡೋಕೆ ಏನಿದೆಯೋ? ಎರಡು ಎಮ್ಮೆ, ಹತ್ತು ತೆಂಗಿನಮರ” ಅಂತ ಚಿಕ್ಕಪ್ಪ ನಗುತ್ತಾರೆ. ಅದಕ್ಕೆ ಉತ್ತರವಾಗಿ ನಮ್ಮ ಅಕ್ಕನ ವಿಷಯ ಬರೆಯುತ್ತೇನೆ. ಗೋಡೆಯ ಮೇಲೆ ಎಲ್ಲರೂ ಓದುವುದರಿಂದ ಮೊದಲು ಅವಳನ್ನು ಕೇಳಿದೆ. ಕಾಲೇಜಿನ ಹೆಸರು ಬರೆಯಬೇಡ, ಉಳಿದದ್ದು ಬರಿ ಅಂದಳು.

ಹೋದ ವರ್ಷ ಜಾತ್ರೆಯಲ್ಲಿ ಒಂದು ಅಂಗಡಿಯವರು ಡಬ್ಬ ಇಟ್ಟಿದ್ದರು. ಚೀಟಿಯಲ್ಲಿ ಹೆಸರು, ಊರು, ಫೋನ್ ನಂಬರು ಬರೆದು ಹಾಕಿದರೆ ಲಾಟರಿ ಎತ್ತಿ ಮೋಟಾರ್ ಬೈಕು ಕೊಡುತ್ತೇವೆ ಅಂದರು. ನಾನೂ ಅಕ್ಕನೂ ಬರೆದು ಹಾಕಿದೆವು. ನನ್ನ ಹೆಸರಿನ ಮುಂದೆಯೂ ಅಕ್ಕನ ನಂಬರನ್ನೇ ಬರೆದೆ. ಬೈಕು ಯಾರಿಗೆ ಬಂತೋ ತಿಳಿಯದು. ಹದಿನೈದು ದಿನದ ಮೇಲೆ ಅಕ್ಕನಿಗೆ ರಾತ್ರಿ ಹೊತ್ತು ಗೊತ್ತಿಲ್ಲದವರ ಕರೆ ಶುರುವಾಯಿತು. ಹೆಸರು ಹಿಡಿದು ಕರೆಯುತ್ತಿದ್ದರು, ನಿಮ್ಮ ಊರು ಇದೇ ತಾನೇ ಅನ್ನುತ್ತಿದ್ದರು. ಅಪ್ಪನಿಗೆ ಗೊತ್ತಾಗಿ ಫೋನು ಕಿತ್ತುಕೊಂಡರು. “ಕಾಲೇಜಿಗೆ ಕಳಿಸಿದ್ದೇ ತಪ್ಪಾಯ್ತು, ಈ ವರ್ಷಕ್ಕೆ ಸಾಕು” ಅಂದರು. ಅಕ್ಕ ಎರಡು ದಿನ ಊಟ ಮಾಡಲಿಲ್ಲ. ತಪ್ಪು ಮಾಡಿದವರು ಯಾರೋ, ಮನೆಯಲ್ಲಿ ಕೂರಬೇಕಾದವಳು ಅಕ್ಕ. ಆಮೇಲೆ ನಾನು ಅಪ್ಪನ ಮುಂದೆ ನಿಂತು, ಚೀಟಿ ಹಾಕಿದವರಲ್ಲಿ ನಾನೂ ಒಬ್ಬ, ಹಾಗಾದರೆ ನನ್ನನ್ನೂ ಸ್ಕೂಲು ಬಿಡಿಸಿ ಅಂದೆ. ಅಪ್ಪ ಹೊಡೆಯುತ್ತಾರೆ ಅಂದುಕೊಂಡಿದ್ದೆ, ಹೊಡೆಯಲಿಲ್ಲ. ನಂಬರು ಬದಲಾಯಿಸಿದರು. ಅಕ್ಕ ಈಗ ದ್ವಿತೀಯ ಪಿಯುಸಿ.

ತಾತ ಹೇಳಿದ ‘ಒಂಥರಾ ಆಗೋದಕ್ಕೆ’ ಪುಸ್ತಕದಲ್ಲಿ ಖಾಸಗಿತನ ಅನ್ನುತ್ತಾರೆ. ಇದು ನಮ್ಮ ಹಕ್ಕು ಹೌದೋ ಅಲ್ಲವೋ ಎಂದು ದೊಡ್ಡ ವಾದವೇ ನಡೆದಿತ್ತು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಷಯವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಗ ಅವರಿಗೆ 86 ವರ್ಷ! ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರದ ಕಡೆಯವರು ವಾದಿಸಿದರು. ಅವರಿಗೆ ಆಧಾರವಾಗಿದ್ದದ್ದು 1954ರಲ್ಲಿ 8 ನ್ಯಾಯಮೂರ್ತಿಗಳು ಕೊಟ್ಟಿದ್ದ ಒಂದು ಹಳೇ ತೀರ್ಪು. ಎಂಟು ಜನ ಹೇಳಿದ್ದನ್ನು ಮೀರಬೇಕಾದರೆ ಒಂಬತ್ತು ಜನ ಕೂರಬೇಕು. ಆದ್ದರಿಂದ 9 ನ್ಯಾಯಮೂರ್ತಿಗಳು ಕೂತು, 2017ರ ಆಗಸ್ಟ್ 24ರಂದು ಒಬ್ಬರೂ ಬೇರೆ ಮಾತಾಡದೆ ‘ಇದು ಮೂಲಭೂತ ಹಕ್ಕು’ ಅಂದರು. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಇದು ಸೇರಿದೆಯಂತೆ. ಪುಟ್ಟಸ್ವಾಮಿ ಅವರು 2024ರಲ್ಲಿ ತೀರಿಕೊಂಡರು. ನಮ್ಮ ಸಮಾಜ ಪುಸ್ತಕದಲ್ಲಿ ಅವರ ಚಿತ್ರ ಹಾಕಬೇಕು ಅಂತ ನನ್ನ ಆಸೆ.

ತೀರ್ಪು ಬಂದರೂ ಕಾಗದಗಳು ಹಾರಾಡುವುದು ನಿಂತಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡಾಗ ಎಣ್ಣೆ ಹತ್ತಿದ ಕಾಗದವನ್ನು ಬಿಡಿಸಿ ನೋಡಿದರೆ ಯಾರದೋ ಆಧಾರ್ ಜೆರಾಕ್ಸು. ಫೋಟೋ, ಗಂಡನ ಹೆಸರು, ಹುಟ್ಟಿದ ದಿನ, 12 ಅಂಕಿಯೂ ಇತ್ತು. ಹರಿದು ಒಲೆಗೆ ಹಾಕಿದೆ. ಆಧಾರ್‌ನಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಒಂದು ನಮೂನೆಯೂ ಸಿಗುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯವರು ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಅಂಕಿ ಮುಚ್ಚಿದ್ದನ್ನು ಕೊಡಿ ಅಂದರು. ಎರಡೇ ದಿನಕ್ಕೆ ದೆಹಲಿಯವರು ಆ ಪ್ರಕಟಣೆಯನ್ನು ವಾಪಸು ತೆಗೆದುಕೊಂಡರು. ಜನ ತಪ್ಪು ತಿಳಿಯಬಾರದು ಅಂತ ಕಾರಣ ಕೊಟ್ಟರು. ನನಗಂತೂ ಮೊದಲನೇ ಪ್ರಕಟಣೆಯೇ ಸರಿ ಅನ್ನಿಸಿತು.

ಈ ಲೇಖನ ಬರೆಯುವಾಗ ತಾತನ ಹಳೇ ಡಬ್ಬಿ ನೆನಪಾಗಿ ಒಂದು ಪ್ರಯೋಗ ಮಾಡಿದೆ. ಚಿಕ್ಕಪ್ಪನ ಫೋನನ್ನು ಆ ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಮಾಡಿ, ರಾಗಿ ಮೂಟೆಯೊಳಗೆ ಇಟ್ಟೆ. ತಾತನ ಫೋನಿನಿಂದ ಕರೆ ಮಾಡಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ರಾಗಿಯೊಳಗಿಂದ ಸಣ್ಣಗೆ ‘ಟ್ರಿಣ್ ಟ್ರಿಣ್’ ಅಂತ ಬಂತು. ತಾತ ಮೂಟೆ ನೋಡಿದರು, ನನ್ನನ್ನು ನೋಡಿದರು. “ಆರೂವರೆ ವರ್ಷ ಆ ನೋಟು ಇದರೊಳಗೇ ಇತ್ತು, ಒಂದು ದಿನ ಉಸಿರೆತ್ತಲಿಲ್ಲ ಕಣೋ” ಅಂದರು.