ಗೋಬರ್ ಗ್ಯಾಸ್: ಕಡ್ಡಿ ಗೀರಿ ನೋಡಬೇಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹೈನುಗಾರ ಅಕ್ಕ-ತಂಗಿಯರೇ,

ಹೆಂಡಿ ಕೊಳೆತು ಬರುವ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಅದಕ್ಕೆ ವಾಸನೆಯೇ ಇಲ್ಲ. ನಿಮಗೆ ಬರುವ ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡ್‌ನದು. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟು ಬೆರೆತರೆ ಒಂದು ಕಿಡಿ ಸಾಕು. ಅಡುಗೆಮನೆಯಲ್ಲಿ ನಾತ ಬಂದರೆ ಗ್ಯಾಸ್ ಬಂದ್ ಮಾಡಿ, ಬಾಗಿಲು-ಕಿಟಕಿ ತೆರೆಯಿರಿ. ಲೈಟಿನ ಸ್ವಿಚ್ಚೂ ಮುಟ್ಟಬೇಡಿ. ಪೈಪಿನ ಜೋಡಣೆಗಳಿಗೆ ತಿಂಗಳಿಗೊಮ್ಮೆ ಸಾಬೂನು ನೀರು ಹಚ್ಚಿ ನೋಡಿ. ಗುಳ್ಳೆ ಎದ್ದಲ್ಲಿ ಸೋರುತ್ತಿದೆ. ಡೇರಿಗೆ ಹಾಲು ಹಾಕಿ ಬಂದ ಮೇಲೆ ಐದು ನಿಮಿಷದ ಕೆಲಸ.

ಹೊಸ ಗುಂಡಿಯ ಮೊದಲ ಗ್ಯಾಸ್ ಹಚ್ಚಬೇಡಿ, ಬಯಲಿಗೆ ಬಿಡಿ. ಅದರಲ್ಲಿ ಗಾಳಿ ಸೇರಿರುತ್ತದೆ.

ಇದಕ್ಕಿಂತ ಹೆಚ್ಚು ಹೆದರಬೇಕಾದದ್ದು ಗುಂಡಿ ಸ್ವಚ್ಛ ಮಾಡುವ ದಿನಕ್ಕೆ. ಖಾಲಿ ಕಂಡರೂ ತಳದಲ್ಲಿ ವಿಷಗಾಳಿ ಕುಳಿತಿರುತ್ತದೆ. ಹೈಡ್ರೋಜನ್ ಸಲ್ಫೈಡ್ ಬಹಳವಾದರೆ ಮೂಗಿಗೆ ನಾತವೇ ತಿಳಿಯುವುದಿಲ್ಲ. ನಾತ ನಿಂತರೆ ಗ್ಯಾಸ್ ಹೋಯಿತು ಅಂತ ಅಲ್ಲ. ಒಳಗೆ ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ಮನೆಯವರು ‘ಬರೇ ಎರಡು ನಿಮಿಷ ಇಳಿದು ಬರ್ತೇನಿ’ ಅಂದರೂ ಬಿಡಬೇಡಿ, ಜಗಳವಾದರೂ ಸರಿ. ಯಾರಾದರೂ ಬಿದ್ದರೆ ಹಿಂದೆ ಇಳಿಯದೆ 112ಕ್ಕೆ ಫೋನ್ ಮಾಡಿ.